ಭೂಕಂಪದ ಹೆದರಿಕೆಯಲ್ಲಿ ನನ್ನ ಬಾಣಂತನ

ನಮ್ಮಪ್ಪ ಹೆದರುಪುಕ್ಕಲ. ಇದನ್ನ ಅವನ ಮುಂದೇನೇ ಎಷ್ಟೋ ಸಲ ಅಂದಿದ್ದೀನಿ, ಈಗ ಬರೆಯೋದಕ್ಕೆ ನನಗೇನೂ ಮುಜುಗರ ಇಲ್ಲ. ಗುಡುಗಿದರೆ ರೇಡಿಯೋ ಆರಿಸಿ ಮೂಲೆ ಸೇರೋ ಮನುಷ್ಯ. ಮೈಸೂರು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರಾನೇ ನಿಂತುಕೊಂಡು ಬರೋನು, ಏನಾದ್ರೂ ಆದ್ರೆ ಇಳಿಯೋಕೆ ಸಲೀಸು ಅಂತ. ಅಂಥವನ ಮನೆಗೆ, ಲಾತೂರಿನ ಕಡೆ ಭೂಕಂಪ ಆದ ವರ್ಷ, ಅದೇ ಹೊತ್ತಿಗೆ ಸರಿಯಾಗಿ ನಾನು ಚೊಚ್ಚಲ ಹೆರಿಗೆಗೆ ಅಂತ ಬಂದು ಕೂತಿದ್ದೆ.

ನನ್ನನ್ನ ಕೊಟ್ಟಿದ್ದು ನಾಗಮಂಗಲಕ್ಕೆ. ತವರು ಬೆಳಗೊಳದ ಪಕ್ಕ, ಕನ್ನಂಬಾಡಿ ಕಟ್ಟೆಯ ಕೆಳಗೆ. ನಮ್ಮ ಗದ್ದೆಗೆ ನೀರು, ಹಸುವಿಗೆ ಹುಲ್ಲು, ಹುಲ್ಲಿಂದ ಹಾಲು, ಎಲ್ಲಾ ಆ ಕಟ್ಟೆ ದಯೆ. ಕಟ್ಟೇಲಿ ನೀರು ಚೆನ್ನಾಗಿದೆ ಅಂದ್ರೆ ಊರಿಗೆ ಊರೇ ನೆಮ್ಮದಿಯಾಗಿರೋದು. ಆ ವರ್ಷ ಮಾತ್ರ ಕಟ್ಟೇಲಿ ನೀರು ಚೆನ್ನಾಗಿದೆ ಅಂತ ಯಾರಾದರೂ ಅಂದ್ರೆ ಉಳಿದವರು ಒಬ್ಬರ ಮುಖ ಒಬ್ಬರು ನೋಡೋರು.

ಸುದ್ದಿ ಬಂದಿದ್ದು ಗಣೇಶನ್ನ ನೀರಿಗೆ ಬಿಟ್ಟ ಮಾರನೇ ದಿನ. ಬೆಳಗಿನ ಜಾವದಲ್ಲಿ ನೆಲ ನಡುಗಿ, ಮಲಗಿದ್ದ ಜನ ಮಲಗಿದ್ದ ಕಡೇನೇ ಹೋದರು ಅಂತ ಅಪ್ಪನ ರೇಡಿಯೋ ಹೇಳಿತು. ಆಮೇಲೆ ಪೇಪರಿನಲ್ಲಿ ಫೋಟೋ ಬಂದವು. ಅಪ್ಪ ಜಗಲಿ ಮೇಲೆ ಕೂತು ಜೋರಾಗಿ ಓದೋನು, ಅಕ್ಕಪಕ್ಕದೋರು ನಿಂತು ಕೇಳೋರು. ಅಲ್ಲಿ ಜನ ಸತ್ತಿದ್ದು ನೆಲ ಬಾಯಿಬಿಟ್ಟು ಅಲ್ಲ, ಕಲ್ಲು ಮಣ್ಣಿನ ಗೋಡೆ ಮೈಮೇಲೆ ಬಿದ್ದು ಅಂತ ಓದಿದವನೇ ಪೇಪರು ಮಡಚಿಟ್ಟು, ಎದ್ದು, ನಮ್ಮ ಮನೆ ಗೋಡೆಯನ್ನ ಅಂಗೈಯಿಂದ ತಟ್ಟಿ ನೋಡಿದ. ತಾತನ ಕಾಲದ ತೊಟ್ಟಿಮನೆ ನಮ್ಮದು. ಮೊಳದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ, ತೊಲೆ ಮೇಲೆ ಅಟ್ಟ, ಅದರ ಮೇಲೆ ನಾಡಹೆಂಚು. ಬೇಸಗೇಲಿ ಎಷ್ಟು ತಣ್ಣಗಿರ್ತದೆ ನೋಡಿ ಅಂತ ಬಂದೋರಿಗೆಲ್ಲ ಅಪ್ಪ ಹೇಳಿಕೊಳ್ತಿದ್ದ ಗೋಡೆ ಅದು. "ಇಷ್ಟು ದಪ್ಪ ಕಟ್ಟಬಾರದಾಗಿತ್ತು," ಅಂದ.

ಆಮೇಲೆ ಶುರುವಾಯ್ತು ಗಾಳಿಮಾತು. ಮಾರ್ಲಮಿ, ಅಂದ್ರೆ ಮಹಾಲಯ ಅಮಾವಾಸ್ಯೆ ಒಳಗೆ ನಮ್ಮ ಕಡೇನೂ ಆಗ್ತದಂತೆ. ಯಾರು ಹೇಳಿದ್ದು ಅಂದ್ರೆ ಯಾರಿಗೂ ಗೊತ್ತಿಲ್ಲ. ನನ್ನ ಗಂಡ ಬೆಳ್ಳೂರು ಕ್ರಾಸಿನಲ್ಲಿ ಟೀ ಕುಡಿಯೋವಾಗ ಕೇಳಿಸಿಕೊಂಡು ಬಂದಿದ್ದರು. ಕೆ.ಆರ್.ಪೇಟೆಯ ಚಿಕ್ಕಮ್ಮ ಸಂತೇಲಿ ಕೇಳಿಸಿಕೊಂಡು ಬಂದಿದ್ದಳು. ಎರಡು ದಿಕ್ಕಿಂದ ಬಂದ ಮೇಲೆ ಸುಳ್ಳಾಗೋಕೆ ಸಾಧ್ಯವೇ ಇಲ್ಲ ಅಂತ ಅಪ್ಪ ತೀರ್ಮಾನ ಮಾಡಿಬಿಟ್ಟ. ನೆಲ ನಡುಗಿದರೆ ಮನೆ ಬೀಳ್ತದೆ. ಮನೆಯಿಂದ ತಪ್ಪಿಸಿಕೊಂಡರೆ ಕಟ್ಟೆ ಒಡೆದು ನೀರು ಬರ್ತದೆ. ಅತ್ತ ದರಿ, ಇತ್ತ ಪುಲಿ. ನೀರಿಗೆ ಯಾರೂ ಏನೂ ಮಾಡೋಹಾಗಿರಲಿಲ್ಲ, ಹಾಗಾಗಿ ಎಲ್ಲರೂ ಮನೆಯ ಚಿಂತೆಯನ್ನೇ ಹಿಡಿದುಕೊಂಡರು. ಸಂಜೆ ಆಗುತ್ತಿದ್ದ ಹಾಗೆ ನಮ್ಮ ಬೀದಿಯೋರೆಲ್ಲ ಚಾಪೆ, ಕಂಬಳಿ, ಮಳೆಗೆ ಅಂತ ಟಾರ್ಪಾಲು ಎತ್ತಿಕೊಂಡು ಒಕ್ಕಣೆ ಕಣಕ್ಕೆ ಹೋಗಿ ಮಲಗೋಕೆ ಶುರು ಮಾಡಿದರು.

ಇದರ ಮಧ್ಯೆ ನನಗೆ ಹೆಣ್ಣುಮಗು ಆಯ್ತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಅಜ್ಜಿ, ಅಂದ್ರೆ ಅಪ್ಪನ ತಾಯಿ, ಬಾಗಿಲಲ್ಲೇ ದೃಷ್ಟಿ ತೆಗೆದು ನಮ್ಮಿಬ್ಬರನ್ನೂ ನೇರವಾಗಿ ಒಳಕೋಣೆಗೆ ಸೇರಿಸಿದಳು. ಮನೆಯ ನಟ್ಟನಡುವೆ ಇರೋ ಕೋಣೆ ಅದು. ಕಿಟಕಿ ಇಲ್ಲ, ಗೋಡೆಯ ಮೇಲ್ಗಡೆ ಅಂಗೈಯಗಲದ ಬೆಳಕಿಂಡಿ, ಅದಕ್ಕೂ ಅಜ್ಜಿ ಹಳೇ ಸೀರೆ ತುರುಕಿದ್ದಳು. ಮೂಲೆಯಲ್ಲಿ ಕೆಂಡದ ಬಾಣಲೆ, ನನ್ನ ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಪುರುಡು ಕಳೆಯೋವರೆಗೂ ಗಂಡಸರು ಒಳಗೆ ಕಾಲಿಡೋ ಹಾಗಿಲ್ಲ, ನಮ್ಮನ್ನ ಮುಟ್ಟೋ ಹಾಗಿಲ್ಲ. ತಿಂಗಳು ತುಂಬೋವರೆಗೂ ಕೂಸು ಹೊಸ್ತಿಲು ದಾಟೋ ಹಾಗಿಲ್ಲ. ಅಪ್ಪ ತನ್ನ ಮೊದಲ ಮೊಮ್ಮಗಳನ್ನ ನೋಡಿದ್ದು ಎರಡು ಮಾರು ದೂರದಿಂದ, ಬಾಗಿಲ ಆಚೆ ನಿಂತು, ಕತ್ತು ಉದ್ದ ಮಾಡಿ. "ಕತ್ತಲೇಲಿ ಏನೂ ಕಾಣಕಿಲ್ವಲ್ಲವ್ವ," ಅಂದುಕೊಂಡು ಹೋದ.

ಆ ಕೋಣೆಯ ಮೇಲೇನೇ ಮನೆಯ ಅಟ್ಟ. ಅಟ್ಟದ ಮೇಲೆ ವರ್ಷದ ರಾಗಿ ಮೂಟೆ, ಎರಡು ತಾಮ್ರದ ಹಂಡೆ, ಯಾರೂ ಬೀಸದ ಬೀಸೋಕಲ್ಲು. ನಾನು ಅಂಗಾತ ಮಲಗಿ ಅದನ್ನೇ ನೋಡ್ತಿದ್ದೆ. ಮಗು ಹೊಟ್ಟೇಲಿ ಇರೋವರೆಗೂ ನನಗೆ ಭೂಕಂಪ ಅಂದ್ರೆ ಅಪ್ಪನ್ನ ಗೋಳುಹುಯ್ಕೊಳ್ಳೋ ಒಂದು ವಿಷಯ ಅಷ್ಟೇ. ಮಗು ಪಕ್ಕಕ್ಕೆ ಬಂದು ಮಲಗಿದ ಮೇಲೆ ಆ ಒಂದೊಂದು ಮೂಟೇನೂ ಅದರ ನೆತ್ತಿ ಮೇಲೇ ಕೂತಿದೆ ಅನಿಸೋಕೆ ಶುರುವಾಯ್ತು. ಹುಟ್ಟಿದ ಕೂಸಿನ ನೆತ್ತಿ ಎಷ್ಟು ಮೆತ್ತಗಿರ್ತದೆ ಅಂತ ಮುಟ್ಟಿದೋರಿಗೇ ಗೊತ್ತು. ನನ್ನ ಪುಣ್ಯಕ್ಕೆ ಏನೂ ಆಗದೆ ಇರಲಿ ಅಂತ ಇದ್ದಬದ್ದ ದೇವರಿಗೆಲ್ಲ ಹರಕೆ ಕಟ್ಟಿಕೊಂಡೆ.

ಅಪ್ಪ ಬಾಗಿಲಾಚೆ ನಿಂತು ಅಜ್ಜಿಗೆ ದಿನಾ ದುಂಬಾಲು ಬೀಳೋನು.

"ಅವ್ವ, ಕಣದಾಗೆ ಗರಿ ಚಪ್ಪರ ಹಾಕ್ಕೊಡ್ತೀನಿ. ಸುತ್ತ ಗೋಣಿ ಕಟ್ಟಿಸ್ತೀನಿ. ತಾಯಿ ಕೂಸು ಅಲ್ಲಿರ್ಲಿ."

"ಬಾಣಂತೀನ ಬಯಲಲ್ಲಿ ಮಲಗಿಸ್ತೀಯೇನ್ಲಾ? ಥಂಡಿ ಹೊಡ್ದು ಸನ್ನಿ ಆದ್ರೆ ನಿನ್ನ ರೇಡಿಯೋ ಬಂದು ಬದುಕಿಸ್ತದಾ?"

"ಮನೆ ಮೇಲೆ ಬಿದ್ರೆ?"

"ಭೂಮ್ತಾಯಿ ಮೈ ಒದರೋದು ಯಾವಾಗ್ಲೋ ಒಂದ್ಸಲ. ಥಂಡಿ ದಿನಾ ಬತ್ತದೆ ಕಣ್ಲಾ."

ಅಜ್ಜಿ ಮಾತನ್ನ ತಳ್ಳಿಹಾಕೋ ಹಾಗಿರಲಿಲ್ಲ. ಅವಳ ಎರಡು ಕೂಸುಗಳು ತಿಂಗಳು ತುಂಬೋ ಮೊದಲೇ ಶೀತ ಆಗಿ ಹೋಗಿದ್ದವು. ಭೂಕಂಪದಲ್ಲಿ ಅವಳ ಕಡೆಯೋರು ಯಾರೂ ಹೋಗಿರಲಿಲ್ಲ. ಅಪ್ಪ ಕಂಡಿದ್ದು ಪೇಪರಿನ ಫೋಟೋ, ಅವಳು ಕಂಡಿದ್ದು ತನ್ನ ಮಡಿಲು. ನನಗೋ, ಅಪ್ಪ ಮಾತಾಡಿದಾಗ ಅಪ್ಪನದೇ ಸರಿ, ಅಜ್ಜಿ ಮಾತಾಡಿದಾಗ ಅಜ್ಜೀದೇ ಸರಿ ಅನಿಸಿ ತಲೆ ಚಿಟ್ಟುಹಿಡಿದು ಹೋಗ್ತಿತ್ತು. ಹೊರಗೆ ಸೋನೆ ಬೇರೆ ಹಿಡಿದಿತ್ತು.

ನಮ್ಮೂರ ಆಚೆ ಒಂದು ಗುಡ್ಡ. ಅಲ್ಲಿ ಬಂಡೆಗೆ ಮದ್ದಿಟ್ಟು ಕಲ್ಲು ತೆಗೀತಿದ್ದರು. ಮೊದಲೆಲ್ಲ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಢಂ ಅನ್ನೋದು, ಗೂಡಿನಲ್ಲಿರೋ ಲೋಟ ಗಲಗಲ ಅನ್ನೋವು, ನಾವು ಸಾರು ಕಲಸಿಕೊಂಡು ಊಟ ಮುಂದುವರಿಸ್ತಿದ್ದೆವು. ಈ ಹೆದರಿಕೆ ಶುರುವಾದ ಮೇಲೆ ಊರ ಹಿರಿಯರು ಹೋಗಿ, ಅಮಾವಾಸ್ಯೆ ಕಳೆಯೋವರೆಗೂ ಮದ್ದು ಹಾರಿಸಬೇಡಿ, ಜನ ಬೆಚ್ಚಿಬೀಳ್ತಾವ್ರೆ ಅಂತ ಹೇಳಿ ನಿಲ್ಲಿಸಿದರು. ಆ ಹಿರಿಯರಲ್ಲಿ ಅಪ್ಪಾನೇ ಮುಂದು. ಆಗ ಯಾರಿಗೂ ಹೊಳೀಲಿಲ್ಲ. ಇನ್ಮೇಲೆ ಲೋಟ ಗಲಗಲ ಅಂದ್ರೆ ಅದು ಬಂಡೆ ಅಂತ ಅಂದುಕೊಳ್ಳೋಕೆ ದಾರೀನೇ ಉಳಿದಿರಲಿಲ್ಲ.

ಇನ್ನು ಅಪ್ಪನ ತಯಾರಿ ಹೇಳ್ತೀನಿ ಕೇಳಿ. ಮೊದಲನೇದಾಗಿ, ನಾನಿನ್ನೂ ಹೆರೋಕೆ ಮುಂಚೇನೇ, ನಡುಮನೆ ಗೂಡಿನಲ್ಲಿ ಹಿತ್ತಾಳೆ ಚೊಂಬು ಇಟ್ಟು, ಅದರ ಬಾಯಿಯ ಅಂಚಿಗೆ ಒಂದು ಲೋಟ ನಿಲ್ಲಿಸಿದ. ನೆಲ ಚೂರು ಅಲ್ಲಾಡಿದರೂ ಲೋಟ ಬೀಳ್ತದೆ, ಸದ್ದಾದ ತಕ್ಷಣ ಎಲ್ಲ ಎದ್ದು ಓಡೋದು. ಅದನ್ನ ಬೆಕ್ಕು ಬೀಳಿಸ್ತು. ಎಲ್ಲ ಓಡಿದರು. ಮತ್ತೆ ನಿಲ್ಲಿಸಿದ. ಹಲ್ಲಿ ಬೀಳಿಸ್ತು. ಮತ್ತೆ ಓಡಿದರು. "ಮನೇಲಿರೋ ಹಲ್ಲಿಗೂ ನಿಮ್ಮಪ್ಪನ ಕಂಡ್ರೆ ತಮಾಷೆ," ಅಂತ ಅವ್ವ ನನ್ನ ಹತ್ರ ಬಂದು ನಕ್ಕಳು. ಕೊನೆಗೆ ಅವ್ವಾನೇ ಆ ಲೋಟವನ್ನ ತೊಳೆಯೋಕೆ ಹಾಕಿಬಿಟ್ಟಳು.

ಎರಡನೇದು, ಯಾರು ಏನು ಮಾಡಬೇಕು ಅನ್ನೋದು. ಅಪ್ಪ ಎಲ್ಲರನ್ನೂ ತೊಟ್ಟಿಯಲ್ಲಿ ಕೂರಿಸಿ ಹೇಳಿದ್ದು ನನಗೆ ಒಳಗೇ ಕೇಳಿಸ್ತಿತ್ತು. ಅವ್ವ ಒಲೆಗೆ ನೀರು ಸುರಿದು ಒಡವೆ ಗಂಟು ಎತ್ತಿಕೊಳ್ಳಬೇಕು. ತಮ್ಮ ದನ ಬಿಚ್ಚಬೇಕು. ಅಪ್ಪ ತಲೆಬಾಗಿಲು ತೆಗೆದು ರೇಡಿಯೋ ಹಿಡಿದು ಅಂಗಳದಲ್ಲಿ ನಿಂತು ಎಲ್ಲರನ್ನೂ ಕೂಗಬೇಕು. ಕೂಸಿನ ಮಾತು ಕೊನೆಗೆ ಬಂತು. ಗಂಡಸರು ಮುಟ್ಟೋ ಹಾಗಿಲ್ಲ. ಅಜ್ಜಿ, "ನಾನಂತೂ ಹೊಸ್ಲು ದಾಟ್ಸಕಿಲ್ಲ," ಅಂದಳು. ಅವ್ವನ ಎರಡೂ ಕೈ ಆಗಲೇ ಭರ್ತಿ. "ಆಗ ನೋಡ್ಕೊಂಡ್ರಾಯ್ತು ಬುಡು," ಅಂತ ಅಪ್ಪ ಮೇಲೆದ್ದ. ನಾನು ಒಳಗೆ ಕೂಸನ್ನ ಹತ್ತಿರಕ್ಕೆ ಎಳೆದುಕೊಂಡೆ. ಎಮ್ಮೆಗೂ ರೇಡಿಯೋಗೂ ಒಬ್ಬೊಬ್ಬರು ದಿಕ್ಕಿದ್ದಾರೆ, ನನ್ನ ಮಗಳಿಗೆ ಯಾರೂ ಇಲ್ಲ. ಹೊಲಿಗೆ ಹಾಕಿದ ಮೈ, ಗೋಡೆ ಹಿಡಿದು ಏಳೋಕೇ ನನಗೆ ಹೊತ್ತು ಬೇಕಾಗಿತ್ತು.

ಮೂರನೇದು ಅಟ್ಟ ಖಾಲಿ ಮಾಡಿದ್ದು. ಇದು ಬುದ್ಧಿವಂತಿಕೆ ಕೆಲಸಾನೇ, ಒಪ್ಪಿಕೊಳ್ತೀನಿ. ಅಪ್ಪ, ತಮ್ಮ ಇಬ್ಬರೂ ಸೇರಿ ಪಕ್ಕದ ಕಡೆಯಿಂದ ಏಣಿ ಹಾಕಿ ರಾಗಿ ಮೂಟೆ, ಹಂಡೆ, ಬೀಸೋಕಲ್ಲು ಎಲ್ಲ ಕೆಳಗಿಳಿಸಿದರು. ಆ ಸಂಜೆ ನಾನು ಮೇಲೆ ನೋಡಿ ಮೊದಲ ಸಲ ಸಲೀಸಾಗಿ ಉಸಿರಾಡಿದೆ. ಆದರೆ ಇಳಿಸಿದ್ದನ್ನ ಇಡೋದು ಎಲ್ಲಿ? ಕಣ ಒದ್ದೆ, ಕೊಟ್ಟಿಗೇಲಿ ಹೆಗ್ಗಣ. ಒಳಕೋಣೆ ಮುಂದಿನ ಓಣಿಯಂಥ ಜಾಗದಲ್ಲಿ, ಬಾಗಿಲ ಪಕ್ಕಕ್ಕೆ, ಗೋಡೆಗೆ ಒರಗಿಸಿ ಒಂದರ ಮೇಲೊಂದು ಪೇರಿಸಿದರು. ಮಲಗಿದ್ದ ಕಡೆಯಿಂದ ನನಗೆ ಅದು ಕಾಣ್ತಿರಲಿಲ್ಲ. ಕಂಡವರಿಗೂ ಏನೂ ಅನಿಸಲಿಲ್ಲ, ಮೂಟೆ ಈಗ ತಲೆ ಮೇಲೆ ಇಲ್ಲವಲ್ಲ.

ಮೂಟೆ ಇಳಿಸಿದ ಮಾರನೇ ದಿನ ಬೆಳಿಗ್ಗೆ ಅಪ್ಪ, ತಮ್ಮ ನಡುಮನೆಯಲ್ಲಿ ಹಿಟ್ಟಿನ ಮುದ್ದೆ ಉಣ್ತಿದ್ದರು. ಅವ್ವ ಅಡುಗೆಮನೆಯಲ್ಲಿ. ಅಜ್ಜಿ ಹಿತ್ತಲ ಬಚ್ಚಲಲ್ಲಿ ಕೂಸಿಗೆ ಎರೆಯೋಕೆ ನೀರು ಕಾಯಿಸ್ತಿದ್ದಳು. ನಾನು ಮಗುವಿಗೆ ಹಾಲು ಕೊಟ್ಟು ಆಗತಾನೇ ಮಲಗಿಸಿದ್ದೆ. ಢಂ ಅಂತು. ಕಿವಿಯಲ್ಲಿ ಹತ್ತಿ ಇದ್ದರೂ ಎದೆಯೊಳಗೇ ಕೇಳಿಸಿದ ಹಾಗಾಯ್ತು. ಗೋಡೆ ಅದುರಿತು. ಅಟ್ಟದ ಸಂದಿಯಿಂದ ವರ್ಷಗಟ್ಟಲೆ ಧೂಳು, ರಾಗಿ ಹೊಟ್ಟು ಮಗುವಿನ ಮೇಲೆ ಸುರಿಯಿತು. ಮಗುವನ್ನ ಎದೆಗೆ ಅವಚಿಕೊಂಡು ಅದರ ತಲೆ ಮೇಲೆ ನನ್ನ ತಲೆ ಬಗ್ಗಿಸಿದೆ. ಆಮೇಲೆ ಕೇಳಿಸಿದ್ದು ಕಾಲಿನ ಸದ್ದು.

ನಮ್ಮ ಮನೆಯವರ ಒಬ್ಬೊಬ್ಬರ ಹೆಜ್ಜೆಯೂ ನನಗೆ ಗೊತ್ತು. ಒಲೆಗೆ ನೀರು ಸುರಿದದ್ದು ಚುಯ್ ಅಂತು, ಅವ್ವ ಓಡಿದಳು. ತಮ್ಮ ಓಣಿಯಲ್ಲಿ ಕೊಟ್ಟಿಗೆ ಕಡೆ ನುಗ್ಗಿದ. ಅವನ ಮೈ ತಗುಲಿತೋ ನೆಲ ಅದುರಿದ್ದಕ್ಕೋ, ಮೂಟೆಗಳು ದಬದಬ ಅಂತ ಉರುಳಿದವು. ಅಪ್ಪನ ಹೆಜ್ಜೆ ಎಲ್ಲರಿಗಿಂತ ಜೋರು. ಅದು ನನ್ನ ಬಾಗಿಲ ಮುಂದೆ ಒಂಚೂರೂ ನಿಲ್ಲದೆ ದೂರ ಹೋಯ್ತು. ತಲೆಬಾಗಿಲು ತೆಗೆದ ಸದ್ದು. ಅಂಗಳದಿಂದ ಅವನ ಕೂಗು: "ಎಲ್ಲ ಬಂದ್ರಾ? ದನ ಬಿಚ್ದೇನ್ಲಾ?" ಎಲ್ಲರೂ ಹೇಳಿಕೊಟ್ಟ ಹಾಗೇ ಮಾಡಿದ್ದರು. ಒಂದೂ ತಪ್ಪಿರಲಿಲ್ಲ.

ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದರೆ ಎದೆಮಟ್ಟಕ್ಕೆ ರಾಗಿ ಮೂಟೆ. ಒಂದು ಒಡೆದು ರಾಗಿ ಒಳಗೆ ಹರೀತಿತ್ತು. ಬರಿಗಾಲಿಗೆ ಜಾರಿ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮೂಟೆ ತಳ್ಳಿದೆ. ಮಿಸುಕಲಿಲ್ಲ. ಹಿಂದೆ ಮೂಲೆಯಲ್ಲಿ ಕೆಂಡದ ಬಾಣಲೆ, ಧೂಳಿನ ಜೊತೆ ಹೊಗೆ. ಮಗು ಕೆಮ್ಮೋಕೆ ಶುರು ಮಾಡಿತು. ಹುಟ್ಟಿ ಇನ್ನೂ ಸರಿಯಾಗಿ ಅಳೋಕೆ ಕಲಿಯದ ಕೂಸು, ಅದು ಕೆಮ್ಮಿದರೆ ಹೇಗಿರ್ತದೆ ಅಂತ ನಾನು ಹೇಳೋಕೆ ಹೋಗಲ್ಲ. ಕೂಗೋಣ ಅಂತ ಬಾಯಿ ತೆರೆದರೆ ಧೂಳು ಹೊಕ್ಕು ನನಗೂ ಕೆಮ್ಮೇ ಬಂತು. ಅಷ್ಟರಲ್ಲಿ ಹಿತ್ತಲಿಂದ ಅಜ್ಜಿಯ ದನಿ ಕೇಳಿತು.

"ಕೂಸೆಲ್ರಲಾ? ಬಾಣಂತಿ ಎಲ್ಲಿ?"

ಆಮೇಲೆ ಅಪ್ಪನ ಹೆಜ್ಜೆ ವಾಪಸ್ಸು ಬಂತು. ಮೂಟೆಗಳ ಆಚೆ ಬಂದು ನಿಂತ. ಬಗಲಲ್ಲಿ ಇನ್ನೂ ರೇಡಿಯೋ. ಅದನ್ನ ನೆಲಕ್ಕೆ ಇಟ್ಟು, ಎರಡೂ ಕೈ ಮೂಟೆ ಮೇಲಿಂದ ನನ್ನ ಕಡೆ ಚಾಚಿದ. ಪುರುಡು ಗಿರುಡು ಏನೂ ಅವನಿಗೆ ಆಗ ನೆನಪಿರಲಿಲ್ಲ.

"ಮಗೀನ ಕೊಡವ್ವ," ಅಂದ.

ನಾನು ಕೊಡಲಿಲ್ಲ. ಮನೆ ಬೀಳ್ತಿದೆ ಅಂತಲೇ ನಂಬಿದ್ದೆ, ಆದರೂ ಕೊಡಲಿಲ್ಲ. ಅಷ್ಟು ಸಿಟ್ಟು. "ಓಡೋಗುವಾಗ ಎಲ್ಲಿತ್ತಪ್ಪ ಈ ಕೈ?" ಅಂದೆ. ಅವನ ಮುಖ ನೋಡೋಕಾಗಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಬೆರಳಿಗೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು.

ಅಷ್ಟರಲ್ಲಿ ಎದುರುಮನೆಯಾಕೆ ಅಂಗಳಕ್ಕೆ ಬಂದು, ಬಂಡೆಯೋರು ಮಾತು ಮೀರಿ ಮತ್ತೆ ಮದ್ದು ಹಾರಿಸವ್ರೆ, ಈ ಸಲ ಜಾಸ್ತಿ ತುಂಬಿಬುಟ್ಟವ್ರೆ, ಗಾಬರಿ ಬೀಳಬೇಡಿ ಅಂತ ಹೇಳಿದಳು. ತಮ್ಮ ಬಂದು ಮೂಟೆ ಎತ್ತಿದ. ಅಜ್ಜಿ ನುಗ್ಗಿ ಬಂದು ಮಗುವನ್ನ ಕಸಿದುಕೊಂಡು, ಮೂಗು ಬಾಯಿ ಒರೆಸಿ, ಉಸಿರು ನೋಡಿ, ಅಲ್ಲೇ ರಾಗಿ ಮೇಲೇ ಕುಸಿದು ಕೂತಳು. ಬೀದಿಯಲ್ಲಿ ಎಲ್ಲ ನಗೋಕೆ ಶುರು ಮಾಡಿದ್ದರು. ಹೆದರಿದೋರ ಮೇಲೆ ಹಾವು ಎಸೆದಂಗೆ ಆಯ್ತಲ್ಲ ಅಂತ ಒಬ್ಬರು, ಎಮ್ಮೆ ಎಲ್ಲಾ ಕಟ್ಟೆ ದಾರಿ ಹಿಡಿದವೆ ಅಂತ ಇನ್ನೊಬ್ಬರು. ಅಪ್ಪನ್ನ ನೋಡಿ, "ರೇಡಿಯೋ ಕ್ಷೇಮವಾ?" ಅಂತ ಕೇಳಿದರಂತೆ. ಅಪ್ಪ ಎಮ್ಮೆ ಹುಡುಕಿಕೊಂಡು ಹೋದ.

ಆ ಮಧ್ಯಾಹ್ನ ಓಣಿಯ ಮೂಟೆ ಎಲ್ಲ ಪಡಸಾಲೆಗೆ ಹೋದವು. ಅಪ್ಪ ಒಬ್ಬನೇ ಹೊತ್ತ, ತಮ್ಮನ್ನ ಮುಟ್ಟೋಕೆ ಬಿಡಲಿಲ್ಲ. ನಾನು ಅವನ ಜೊತೆ ಮಾತು ಬಿಟ್ಟೆ. ಬಾಗಿಲಾಚೆ ಬಂದು ಕೆಮ್ಮಿದರೆ ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಸಿಟ್ಟು ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಇದು ಬಂಡೆ ಆಯ್ತು. ಅಮಾವಾಸ್ಯೆಗೆ ನಿಜವಾದ್ದು ಬಂದ್ರೆ? ಇವರೆಲ್ಲರ ಕಾಲು ಯಾವ ಕಡೆ ಓಡ್ತವೆ ಅಂತ ಈಗ ನನಗೆ ಗೊತ್ತಾಗಿಹೋಗಿತ್ತು. ಅದು ಗೊತ್ತಿಲ್ಲದೇ ಇದ್ದಾಗ ಎಷ್ಟೋ ವಾಸಿ ಇತ್ತು.

ಸಂಜೆ ಬೀದಿಯೋರು ಕಣಕ್ಕೆ ಹೊರಟರು. ಅವ್ವ, ತಮ್ಮ ಹೋದರು. ದಿನಾ ಹೋಗ್ತಿದ್ದ ಅಪ್ಪ ಅವತ್ತು ಹೋಗಲಿಲ್ಲ. ಚಾಪೆ ತಂದು ಒಳಕೋಣೆ ಹೊಸ್ತಿಲಿಗೆ ಅಡ್ಡಲಾಗಿ, ಆಚೆ ಕಡೆ ಹಾಸಿದ. ಮನೆಯ ಎಲ್ಲಕ್ಕಿಂತ ದಪ್ಪ ತೊಲೆಯ ಕೆಳಗೆ. ನನ್ನ ಪಕ್ಕ ಮಲಗಿದ್ದ ಅಜ್ಜಿ ತಲೆ ಎತ್ತಿದಳು.

"ಇಲ್ಯಾಕ್ಲಾ? ಆಚೆ ಹೋಗಿ ಮಲಕ್ಕೋ."

"ಊಂ ಊಂ."

"ಹೆದ್ರಿಕೆ ಆಗಕಿಲ್ವಾ?"

"ಆಯ್ತದೆ." ಕಂಬಳಿ ಎಳೆದುಕೊಂಡ. "ಬುದ್ಧಿ ಬರೋದ್ರೊಳಗೆ ಕಾಲು ಓಡ್ಬುಡ್ತು ಕಣವ್ವ. ತಿರುಗಿ ನೋಡ್ದಾಗ ಅಂಗಳದಲ್ಲಿದ್ದೆ. ಈ ಕಾಲು ನಂಬಂಗಿಲ್ಲ."

ಅಜ್ಜಿ ಮತ್ತೆ ತಲೆ ಕೆಳಗಿಟ್ಟಳು. ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ. ಅಪ್ಪ ಹೊರಳೋದು, ನಿಟ್ಟುಸಿರು ಬಿಡೋದು, ತೊಲೆ ಕಡೆ ನೋಡಿ ದೇವರ ಹೆಸರು ಹೇಳೋದು ಕೇಳಿಸ್ತಾನೇ ಇತ್ತು.

ಬೆಳಕು ಹರಿಯೋ ಹೊತ್ತಿಗೆ ಮಗು ಎದ್ದು ಹಾಲು ಕುಡಿದು ಮಲಗಿತು. ಬಚ್ಚಲಿಗೆ ಹೋಗೋಣ ಅಂತ ಗೋಡೆ ಹಿಡಿದು ಬಾಗಿಲಿಗೆ ಬಂದೆ. ಅಪ್ಪನಿಗೆ ಆಗಷ್ಟೇ ನಿದ್ದೆ ಹತ್ತಿತ್ತು, ಬಾಯಿ ಅರ್ಧ ತೆರೆದಿತ್ತು. ದಾಟಿ ಹೋಗೋಕೆ ಜಾಗ ಹುಡುಕುತ್ತಾ ಕೆಳಗೆ ನೋಡಿದೆ. ಅವನ ಬಲಗಾಲಿನ ಹರಡಿಗೆ ತನ್ನ ಟವೆಲ್ಲು ಸುತ್ತಿ, ಅದರ ಇನ್ನೊಂದು ತುದಿಯನ್ನ ತೊಟ್ಟಿಯ ಕಂಬಕ್ಕೆ ಬಿಗಿದಿದ್ದ. ಎಳೆದರೆ ಬಿಚ್ಚಿಕೊಳ್ಳೋ ಗಂಟಲ್ಲ, ಮೂರು ಸಲ ಸುತ್ತಿ ಬಿಗಿದ ಗಂಟು. ಕಾಲು ಊದಿಕೊಂಡಿತ್ತು.

ನಾನು ಅಲ್ಲೇ ಕೂತುಬಿಟ್ಟೆ. ಸಿಟ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ. ಅದರ ಜಾಗಕ್ಕೂ ಹೆದರಿಕೆಯೇ ಬಂತು. ಇಷ್ಟು ದಿನ ತೊಲೆ ಕೆಳಗೆ ನಾನು ಹೆದರಬೇಕಾಗಿದ್ದು ಮಗಳೊಬ್ಬಳಿಗೇ, ಈಗ ಇವನೂ ಬಂದು ಸೇರಿಕೊಂಡ. ಪುರುಡು ಇನ್ನೂ ಕಳೆದಿರಲಿಲ್ಲ, ಅವನನ್ನ ನಾನು ಮುಟ್ಟೋ ಹಾಗಿರಲಿಲ್ಲ. ಹೊಸ್ತಿಲಾಚೆ ಕೈ ಚಾಚಿ ಗಂಟಿಗೆ ಉಗುರು ಹಾಕಿದೆ. ಅಷ್ಟು ಬಿಗಿಯಾಗಿದ್ದ ಗಂಟು ಬಿಚ್ಚೋಕೆ ಹೊತ್ತು ಹಿಡಿಯಿತು. ಅವನಿಗೆ ಎಚ್ಚರ ಆಯ್ತು, ಕಾಲು ಎಳೆದುಕೊಳ್ಳೋಕೆ ನೋಡಿದ. ನಾನು ಬಿಡಲಿಲ್ಲ.

"ಏನಾದ್ರೂ ಆದ್ರೆ ನೀನು ಓಡ್ಬುಡಪ್ಪ," ಅಂದೆ.